ಕಲ್ಲುಗೂಬೆಯ ನೆತ್ತಿಯ ಮೇಲೆ ಲುತ್ಸೆ

“ಈ ಕಲ್ಲಿಗೆ ನನ್ನ ಕಂಡ್ರೆ ಯಾಕಪ್ಪಾ ಇಷ್ಟು ಸಿಟ್ಟು?”

ಧೊಪ್ಪನೆ ಬಿದ್ದು ಕೂತಿದ್ದ ಲುತ್ಸೆ ಯಾರನ್ನೂ ಕೇಳಲಿಲ್ಲ, ಗಾಳಿಯನ್ನು ಕೇಳಿದಳು. ಗಾಳಿ ತನ್ನ ಪಾಡಿಗೆ ತಾನು ಸಮುದ್ರದ ಕಡೆ ಹೋಯಿತು.

ದುಬ್ರೋವ್ನಿಕ್ ಊರಿನ ಕೋಟೆಯ ಹೆಬ್ಬಾಗಿಲು ದಾಟಿದರೆ ಎಡಕ್ಕೆ ಪಾದ್ರಿಗಳ ಮಠ. ಅದರ ಗೋಡೆಯಿಂದ ಮೊಣಕಾಲೆತ್ತರದಲ್ಲಿ ಕಲ್ಲಿನ ಗೂಬೆಮುಖವೊಂದು ಹೊರಚಾಚಿದೆ. ಅದರ ನೆತ್ತಿ ಅಂಗೈಯಷ್ಟೇ ಅಗಲ. ಅಜ್ಜಂದಿರ ಕಾಲದಿಂದ ಮಕ್ಕಳು ಹತ್ತಿ ಹತ್ತಿ ಸೋಪಿನಂತೆ ನುಣುಪಾಗಿದೆ. ಗೋಡೆಗೆ ಮುಖ ಮಾಡಿ ಅದರ ಮೇಲೆ ನಿಲ್ಲಬೇಕು. ಹಿಡಿದುಕೊಳ್ಳಲು ಏನೂ ಇಲ್ಲ. ಲುತ್ಸೆಯ ಓಣಿಯ ಮಕ್ಕಳು ತಮ್ಮದೇ ಒಂದು ಕಾನೂನನ್ನೂ ಮಾಡಿಕೊಂಡಿದ್ದರು: ‘ನಮೋ ಮರಿಯಾ’ ಪ್ರಾರ್ಥನೆ ಶುರುಮಾಡಿ ‘ಆಮೆನ್’ ಅನ್ನುವ ತನಕ ಬೀಳಬಾರದು.

“ಆಮೆನ್ ಬಿಡು, ನೀನು ‘ನಮೋ’ನೂ ದಾಟ್ಲಿಲ್ಲ!” ಯುರಾಯ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಯುರಾಯ್ ಅವಳ ದೊಡ್ಡಪ್ಪನ ಮಗ. ರಜಕ್ಕೆಂದು ಜಾಗ್ರೆಬ್‌ನಿಂದ ಬಂದಿದ್ದ. ಕೋಟೆಗೋಡೆ ಸುತ್ತಿದ, ದೋಣಿ ಹತ್ತಿ ಲೋಕ್ರುಮ್ ದ್ವೀಪದ ನವಿಲುಗಳಿಗೆ ಬ್ರೆಡ್ ತಿನ್ನಿಸಿದ, ಬೆಟ್ಟಕ್ಕೂ ಹೋಗಿಬಂದ. ಅದೆಲ್ಲ ಸರಿ. ಆದರೆ ಮೊನ್ನೆ ಈ ಗೂಬೆಯ ಮೇಲೆ ನಿಂತು, ಪಟಪಟ ಪ್ರಾರ್ಥನೆ ಉದುರಿಸಿ, ಆಮೆನ್ ಅಂದೂಬಿಟ್ಟಿದ್ದ!

ಅವನ ಬಸ್ಸು ಇವತ್ತು ಸಂಜೆಗೆ.

“ಊರಿಗೆ ಹೋಗಿ ಎಲ್ಲರಿಗೂ ಹೇಳ್ತೀನಿ. ಇಲ್ಲೇ ಹುಟ್ಟಿದೋಳು ಬೀಳ್ತಾಳೆ, ನೋಡೋಕೆ ಬಂದೋನು ನಿಲ್ತಾನೆ ಅಂತ.”

“ಬಾಯ್ಮುಚ್ಚೋ, ಉದ್ದ ಕಾಲಿನ ಕೊಕ್ಕರೆ!” ಲುತ್ಸೆಯ ಗೆಳತಿ ಕಾತೆ ಗದರಿದಳು. “ಲುತ್ಸೆ, ಬೇಗ ಬೇಗ ಹೇಳೇ. ಬೀಳೋಕೆ ಮುಂಚೆ ಮುಗಿಸ್ಬಿಡು.”

ಲುತ್ಸೆ ಎದೆ ತುಂಬಾ ಉಸಿರೆಳೆದುಕೊಂಡು ಗೂಬೆಯ ಮೇಲಕ್ಕೆ ಹಾರಿದಳು. “ನಮೋಮರಿಯಾ...” ಒಂದೇ ಉಸಿರಿಗೆ ಅರ್ಧ ಹೇಳಿದಳು. ಉಸಿರು ಮುಗಿಯಿತು. ಮತ್ತೆ ಗಬಕ್ಕನೆ ಎಳೆದುಕೊಂಡಳು. ಗೋಡೆಯೇ ಅವಳನ್ನು ಹಿಂದಕ್ಕೆ ತಳ್ಳಿದಂತಾಯಿತು.

ಧೊಪ್!

ಮೊಣಕೈ ತರಚಿತು. ಅಳು ಬಂತು, ನುಂಗಿಕೊಂಡಳು.

ಅಷ್ಟರಲ್ಲಿ ಮಠದ ಇಗರ್ಜಿಯ ತೆರೆದ ಬಾಗಿಲಿನಿಂದ ಜಪಮಾಲೆಯ ಪ್ರಾರ್ಥನೆ ಕೇಳಿಸಿತು. ಒಳಗೆ ಅಜ್ಜಿಯರೆಲ್ಲ ಕೂತಿದ್ದರು, ಲುತ್ಸೆಯ ಅಜ್ಜಿ ನೋನಾ ಕೂಡ. ಒಂದು ಸಾಲು ಹೇಳುತ್ತಿದ್ದರು, ನಿಲ್ಲುತ್ತಿದ್ದರು, ಇನ್ನೊಂದು ಸಾಲು ಹೇಳುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ದಡಕ್ಕೆ ಅಲೆ ಬಂದು ಹೋಗುವ ಹಾಗೆ ಆ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಮಲಗುವಾಗ ಲುತ್ಸೆ ಗಡಬಡಿಸಿ ಪ್ರಾರ್ಥನೆ ಹೇಳಿದರೆ ನೋನಾ ತಲೆಗೊಂದು ಮೊಟಕುತ್ತಿದ್ದಳು. “ಯಾಕೇ ಓಡ್ತೀಯಾ? ದೇವಮಾತೆಗೇನು ಬಸ್ಸು ಹಿಡಿಯೋದಿದ್ಯಾ?”

ಲುತ್ಸೆ ತರಚಿದ ಮೊಣಕೈ ಮರೆತು ಕೇಳುತ್ತ ನಿಂತಳು. ಆಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟು ಒಂದು ದೊಡ್ಡ ಉಸಿರೆಳೆದು ನೋಡಿದಳು. ಎದೆ ಉಬ್ಬಿತು. ಅಯ್ಯೋ, ತಳ್ಳುತ್ತಿದ್ದದ್ದು ಗೋಡೆಯಲ್ಲ!

“ಸೋತೆ ಅಂತ ಒಪ್ಕೊಂಡ್ಬಿಡು, ಐಸ್‌ಕ್ರೀಮ್ ತಿನ್ನೋಕೆ ಹೋಗೋಣ,” ಯುರಾಯ್ ಅಂದ.

“ನಿಲ್ಲೋ ಸ್ವಲ್ಪ.”

ಈ ಸಲ ಉಸಿರನ್ನು ಹೊರಗೆ ಬಿಟ್ಟಳು. ಮೆಲ್ಲಗೆ ಹತ್ತಿದಳು. ಕೆನ್ನೆ, ಎದೆ, ಹೊಟ್ಟೆ ಎಲ್ಲವನ್ನೂ ಗೋಡೆಗೆ ಒತ್ತಿ ಕೈ ಚಾಚಿದಳು. ಕಲ್ಲು ತಣ್ಣಗಿತ್ತು.

“ನಮೋ ಮರಿಯಾ,” ಅಂದಳು. ನಿಂತಳು. ಚಿಟಿಕೆಯಷ್ಟು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಹೋದಳು.

“ಎಷ್ಟು ನಿಧಾನ! ಬಿದ್ಲು, ಈಗ ಬಿದ್ಲು!” ಯುರಾಯ್ ಕೂಗಿದ.

ಬೀಳಲಿಲ್ಲ. ಒಳಗೆ ಅಜ್ಜಿಯರ ದನಿ ಏರಿದಾಗ ಅವಳದೂ ಏರಿತು, ಅವರು ನಿಂತಲ್ಲಿ ಅವಳೂ ನಿಂತಳು. ಹಿಮ್ಮಡಿ ನಡುಗಿತು, ನಡುಗಲಿ ಎಂದು ಬಿಟ್ಟಳು. ಕಣ್ಣು ಮುಚ್ಚಿಕೊಂಡಳು. ಕೊನೆಯ ಸಾಲು ಬಂತು.

“ಆಮೆನ್.”

ಆಮೇಲೂ ಒಂದಿಷ್ಟು ಹೊತ್ತು ಹಾಗೇ ನಿಂತಿದ್ದಳು. ಇಳಿಯಬೇಕೆನಿಸಿದಾಗ ಇಳಿದಳು.

“ನಿಂತ್ಲು! ನಮ್ಮ ಲುತ್ಸೆ ನಿಂತ್ಲೂ!” ಕಾತೆ ಅವಳನ್ನು ತಬ್ಬಿಕೊಂಡು ಗಿರ್ರನೆ ತಿರುಗಿಸಿದಳು. ಹೆಬ್ಬಾಗಿಲ ಬಳಿ ಬುಟ್ಟಿಯಲ್ಲಿ ಅಂಜೂರ ಮಾರುವ ಹೆಂಗಸು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದಳು.

ಯುರಾಯ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ನಾನು ಗುಟುಕು ನೀರು ಕುಡಿದ ಹಾಗೆ ಮುಗಿಸಿದ್ದೆ ಕಣೇ. ನೀನು ಪೂರ್ತಿ ಪೂಜೇನೇ ಮಾಡಿದೆ! ಊರಲ್ಲಿ ಇದನ್ನೇ ಹೇಳ್ತೀನಿ, ದೇವರಾಣೆ.”

ಲುತ್ಸೆಯ ಮುಖವೆಲ್ಲ ನಗುವಾಯಿತು.

ಆಗ ಹೆಬ್ಬಾಗಿಲಿನಿಂದ ಪ್ರವಾಸಿಗರ ಒಂದು ದಂಡೇ ಬಂತು. ಮುಂದೆ ಕೊಡೆ ಎತ್ತಿ ಹಿಡಿದಿದ್ದವಳು ಪಕ್ಕದ ಮನೆಯ ಗೈಡ್ ಆಂಟಿ.

“ಏ ಲುತ್ಸೆ! ದೂರದಿಂದಲೇ ನೋಡಿದೆ ಕಣೇ, ಭೇಷ್! ಬಂಗಾರಿ, ಇನ್ನೊಂದ್ಸಲ ಹತ್ತಿ ನಿಂತ್ಕೋ. ಇವರಿಗೆ ವಿಡಿಯೋ ಸಿಗ್ಲಿಲ್ವಂತೆ.”

ಮೊಬೈಲುಗಳೆಲ್ಲ ಮೇಲೆದ್ದವು. ಯುರಾಯ್ ಮೊಣಕೈಯಿಂದ ತಿವಿದ, “ಹೋಗೇ, ಫೇಮಸ್ ಆಗ್ತೀಯಾ!”

ಲುತ್ಸೆ ಗೂಬೆಮುಖವನ್ನು ನೋಡಿದಳು. ಅವಳ ಕೆನ್ನೆಯಲ್ಲಿ ಗೋಡೆಯ ತಂಪು ಇನ್ನೂ ಇತ್ತು. ಅಲ್ಲಿ ನಿಂತು ಹೇಳಿದ ಪ್ರಾರ್ಥನೆ ಬೆನ್ನ ಹಿಂದಿದ್ದ ಯಾರಿಗೋಸ್ಕರವೂ ಆಗಿರಲಿಲ್ಲ.

“ಇಲ್ಲ ಆಂಟಿ,” ಅಂದಳು, “ನಾನು ನಿಲ್ಲಲ್ಲ.”