ಮಲ್ಲಿಗೆಯಾದ ಹೊನ್ನಾಜಿ ಮತ್ತು ಅವಳಿಗೆ ಕತ್ತರಿ ಹಾಕಿದ ಗಂಡ

ಬಹಳ ಬಹಳ ಹಿಂದೆ, ಹುಳುಹುಪ್ಪಟೆಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕುಂಕುಮಾವತಿ ಎಂಬ ರಾಜ್ಯವಿತ್ತು. ಅಲ್ಲಿ ದುಗ್ಗಣ್ಣ ಎಂಬ ಯುವಕ ಅರಮನೆಯ ಡಂಗುರ ಸಾರುತ್ತಿದ್ದ. ಅವನ ಗಂಟಲು ದೊಡ್ಡದು, ಮನಸ್ಸು ಒಳ್ಳೆಯದು. ಹಿತ್ತಲಿನ ಕೆಲಸ ಮಾತ್ರ ಅವನಿಗೆ ಒಂದಿಷ್ಟೂ ಗೊತ್ತಿರಲಿಲ್ಲ. ಮನೆಯ ತುಳಸಿಗೂ ನೀರೆರೆಯುತ್ತಿದ್ದವಳು ಅವನ ಹೆಂಡತಿ ಹೊನ್ನಾಜಿ.

ಊರಾಚೆಯ ಗುಡ್ಡದಲ್ಲಿ ಧೂಮಕೇಶ ಎಂಬ ಮಾಂತ್ರಿಕನಿದ್ದ. ಯಾರೂ ಹೂ ಬೆಳೆಯಬಾರದು, ಮುಡಿಯಬಾರದು ಎಂದು ಅವನು ಕಟ್ಟಪ್ಪಣೆ ಮಾಡಿದ್ದ. ರಾಜನೂ ಹೆದರಿ ಸುಮ್ಮನಿದ್ದ. ಒಂದು ದಿನ ಹೊನ್ನಾಜಿ ಬಾವಿಕಟ್ಟೆಯಲ್ಲಿ, "ಹೂವಿಗೆ ಹೆದರೋ ಗಂಡಸನ್ನ ನಾನಂತೂ ಕಂಡಿಲ್ಲಮ್ಮ," ಎಂದು ನಕ್ಕಳು. ಮಾತು ಮಾಂತ್ರಿಕನ ಕಿವಿಗೆ ಬಿತ್ತು. ಅವನು ಬಂದು ಒಂದು ಹಿಡಿ ಬೂದಿ ಊದಿದ. ಹೊನ್ನಾಜಿ ಗೇಣುದ್ದದ ಮಲ್ಲಿಗೆ ಗಿಡವಾದಳು.

"ತಗೋ ನಿನ್ನ ಹೆಂಡತೀನ," ಎಂದು ಧೂಮಕೇಶ ಗಿಡವನ್ನು ದುಗ್ಗಣ್ಣನ ಕೈಗಿತ್ತ. "ಯುಗಾದಿಯೊಳಗೆ ಇದರಲ್ಲಿ ಒಂದೇ ಒಂದು ಹೂ ಅರಳಿದ್ರೂ ಇವಳು ಮತ್ತೆ ಹೆಣ್ಣಾಗ್ತಾಳೆ, ನನ್ನ ವಿದ್ಯೆಯೂ ಹೋಗುತ್ತೆ. ಅರಳದಿದ್ರೆ ಗಿಡವೂ ಇಲ್ಲ, ಇವಳೂ ಇಲ್ಲ."

ಇಂಥ ಷರತ್ತನ್ನು ಯಾಕೆ ಬಾಯಿಬಿಟ್ಟು ಹೇಳಿದ ಅಂತೀರಾ? ಮಾಂತ್ರಿಕರಿಗೆ ಜಂಬ ಜಾಸ್ತಿ. ದುಗ್ಗಣ್ಣನ ಕೈಗುಣವನ್ನು ಅವನು ಊರಲ್ಲಿ ವಿಚಾರಿಸಿಕೊಂಡೇ ಬಂದಿದ್ದ.

ದೀಪಾವಳಿ ಆಗಷ್ಟೇ ಮುಗಿದಿತ್ತು. ದುಗ್ಗಣ್ಣ ಗಿಡವನ್ನು ಒಂದು ಮಡಕೆಯಲ್ಲಿಟ್ಟು, ಒಳಕೋಣೆಯಲ್ಲಿ ತನ್ನ ಚಾಪೆಯ ಪಕ್ಕ ಇಟ್ಟುಕೊಂಡ. ಚಳಿಯಾದೀತೆಂದು ಕಂಬಳಿ ಸುತ್ತಿದ. ಅಳು ಬಂದಾಗಲೆಲ್ಲ ಒಂದು ಚೊಂಬು ನೀರು ಹೊಯ್ದ. ಎಲೆಗಳು ಹಳದಿಯಾಗಿ ಉದುರತೊಡಗಿದವು.

ಹಿತ್ತಲ ಗೋಡೆಯ ಮೇಲಿದ್ದ ಓತಿಕ್ಯಾತ ತಲೆ ಆಡಿಸಿತು. "ಕತ್ತಲೆ ಕೋಣೇಲಿ ಕೂಡಿಹಾಕಿದ್ರೆ ಮಲ್ಲಿಗೆ ಬದುಕುತ್ತೇನಯ್ಯಾ? ಹಿತ್ತಲಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ನೋಡು. ಬಿಸಿಲು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೋ ಅದೇ ಅವಳ ಜಾಗ."

ದುಗ್ಗಣ್ಣ ಹಾಗೇ ಕೂತು ನೋಡಿದ. ದಿನವಿಡೀ ಬಿಸಿಲು ಕಾಯುವ ಓತಿಕ್ಯಾತನಿಗಿಂತ ಇದು ಇನ್ಯಾರಿಗೆ ಗೊತ್ತಿದ್ದೀತು ಎಂದುಕೊಂಡು, ಕೈಮುಗಿದು ಗಿಡವನ್ನು ಹೊರಗೆ ತಂದ.

ಆದರೆ ಅಲ್ಲಿನ ನೆಲ ಕಲ್ಲಿನಂತಿತ್ತು. ಅವನು ಗುದ್ದಲಿ ಹಿಡಿದು ನಿಂತಿದ್ದಾಗ ಬಿರುಕಿನಿಂದ ಒಂದು ಎರೆಹುಳು ಇಣುಕಿತು. "ಮೊದಲು ಮಡಿ ಮಾಡು. ಆಮೇಲೆ ನೆಡು," ಎಂದಿತು.

ದುಗ್ಗಣ್ಣ ಬಾವಿಗೆ ಓಡಿದ. ತಲೆಗೆ ತಣ್ಣೀರು ಸುರಿದುಕೊಂಡು, ಒದ್ದೆಪಂಚೆ ಉಟ್ಟು, ಯಾರನ್ನೂ ಮುಟ್ಟಿಸಿಕೊಳ್ಳದೆ, ನಡುಗುತ್ತ ಬಂದು ನಿಂತ.

ಎರೆಹುಳು ನಕ್ಕು ನಕ್ಕು ಗಂಟಾಯಿತು. "ನಿನ್ನ ಮೈಯ ಮಡಿ ಯಾರಿಗೆ ಬೇಕಪ್ಪಾ. ನಾನು ಹೇಳಿದ್ದು ಮಣ್ಣಿನ ಮಡಿ. ನೆಲ ಅಗೆದು, ಹೆಂಟೆ ಒಡೆದು, ಹಳೇ ಸಗಣಿ ಗೊಬ್ಬರ ಬೆರೆಸಿ, ಗೇಣೆತ್ತರ ಏರಿಸು. ಹಸಿ ಸಗಣಿ ಹಾಕೀಯ, ಬೇರು ಸುಟ್ಟುಹೋಗುತ್ತೆ. ನೀರು ಹಾಕೋ ಮುಂಚೆ ಮಣ್ಣಿಗೆ ಬೆರಳಿಟ್ಟು ನೋಡು. ಒದ್ದೆಯಿದ್ರೆ ಅವಳಿಗೆ ಬಾಯಾರಿಲ್ಲ, ನಿನಗೆ ದುಃಖ ಬಂದಿದೆ ಅಷ್ಟೆ."

ಈ ಮಾತಿಗೆ ದುಗ್ಗಣ್ಣನಿಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಒದ್ದೆಪಂಚೆಯಲ್ಲೇ ಅಗೆದ. ಅಂಗೈಯಲ್ಲಿ ಬೊಬ್ಬೆ ಬಂದವು. ಅಂದಿನಿಂದ ಅಳು ಬಂದರೆ ಸುಮ್ಮನೆ ಗಿಡದ ಪಕ್ಕ ಕೂತು ಅತ್ತ, ಚೊಂಬು ಮುಟ್ಟಲಿಲ್ಲ.

ಮಾಯೆಯ ಗಿಡವಲ್ಲವೇ, ಸಂಕ್ರಾಂತಿಯ ಹೊತ್ತಿಗೆ ಎದೆಮಟ್ಟ ಬೆಳೆಯಿತು. ಎಲೆಯೋ ಎಲೆ. ಮೊಗ್ಗು ಮಾತ್ರ ಒಂದೂ ಇಲ್ಲ.

ಬೇಲಿಯಾಚೆಯಿಂದ ಒಂದು ಮೇಕೆ ಹೇಳಿತು: "ಎಲೆ ಉದುರಿಸು. ಕೊಂಬೆಗಳನ್ನ ಅರ್ಧಕ್ಕೆ ಕತ್ತರಿಸು. ಮೊಗ್ಗು ಬರೋದು ಹೊಸ ಚಿಗುರಲ್ಲಿ."

"ನಿನಗೆ ಸೊಪ್ಪು ಬೇಕು, ಅದಕ್ಕೆ ಹೇಳ್ತಿದ್ದೀಯ."

"ಸೊಪ್ಪೂ ಬೇಕು," ಎಂದಿತು ಮೇಕೆ. "ಆದರೂ ಹೇಳಿದ್ದು ನಿಜ."

ದುಗ್ಗಣ್ಣ ಗಿಡಕ್ಕೆ ಅಡ್ಡ ನಿಂತ. ಇವು ಬರೀ ಕೊಂಬೆಗಳಲ್ಲ, ಹೊನ್ನಾಜಿ. ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. "ಕಟ್ಟಿಕೊಂಡವಳಿಗೆ ಯಾರಾದರೂ ಕತ್ತರಿ ಹಾಕ್ತಾರಾ ಮಗಾ? ಪಾಪ, ಬಾಯಾರಿದೆ ಅದಕ್ಕೆ. ದಿನಕ್ಕೆ ನಾಲ್ಕು ಕೊಡ ನೀರು ಹೊಯ್ಯಿ, ತಾನೇ ಹೂಬಿಡುತ್ತೆ."

ದುಗ್ಗಣ್ಣ ಬಗ್ಗಿ ಮಣ್ಣಿಗೆ ಬೆರಳಿಟ್ಟ. ಒದ್ದೆಯಿತ್ತು. ನೀರಿನ ವಿಷಯದಲ್ಲೇ ತಪ್ಪು ಹೇಳುವವಳ ಕತ್ತರಿ ವಿಷಯದ ಮಾತನ್ನು ನಂಬುವುದು ಹೇಗೆ? "ಬಾಯಾರಿಲ್ಲ ಅಜ್ಜಿ," ಎಂದ. ಮುದುಕಿಯ ಮುಖ ಹೊಗೆಯಾಯಿತು. ವೇಷ ಹಾಕಿದ್ದ ಧೂಮಕೇಶ ಹಲ್ಲು ಕಡಿಯುತ್ತ ಗುಡ್ಡಕ್ಕೆ ಹೋದ.

ದುಗ್ಗಣ್ಣ ಗಿಡದ ಮುಂದೆ ಕೂತ. "ಹೊನ್ನಾಜಿ, ನೋವಾದರೆ ಬಯ್ಯಿ. ಬಯ್ಯೋಕಾದರೂ ಬಾ," ಎಂದು ಕತ್ತರಿ ಹಾಕಿದ. ಒಂದೊಂದು ಕೊಂಬೆಗೂ ಅತ್ತ. ಕೊನೆಗೆ ಬೋಳು ಕಡ್ಡಿಗಳಷ್ಟೇ ಉಳಿದವು. ಊರವರು ನೋಡಿ, ಮುಗಿಯಿತು ಇವನ ಸಂಸಾರ ಎಂದರು. ಮೇಕೆ ಮಾತ್ರ ಬಿದ್ದ ಸೊಪ್ಪನ್ನು ನೆಮ್ಮದಿಯಾಗಿ ತಿಂದಿತು.

ಕಡ್ಡಿಗಳು ಚಿಗುರಿದವು. ಚಿಗುರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಕಂಡಿತು. ಯುಗಾದಿಯ ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅದು ಅರಳಿತು.

ಅದರ ಘಮ ಗುಡ್ಡ ಹತ್ತಿತು. ಧೂಮಕೇಶ ಮಂತ್ರ ಹೇಳಲು ಬಾಯಿ ತೆರೆದರೆ ಒಂದಕ್ಷರವೂ ನೆನಪಾಗಲಿಲ್ಲ. ಸಿಟ್ಟು ಯಾರ ಮೇಲೆ ಎನ್ನುವುದೂ ಮರೆತಿತ್ತು. ಅವನು ಕೆಳಗಿಳಿದು ಬಂದು, ಸಿಕ್ಕವರನ್ನು ಊಟ ಕೇಳಿ, ಉಂಡು, ಎತ್ತಲೋ ಹೊರಟುಹೋದ.

ಹಿತ್ತಲಲ್ಲಿ ಹೊನ್ನಾಜಿ ನಿಂತಿದ್ದಳು. ಹೂವು ಅವಳ ಅಂಗೈಯಲ್ಲಿತ್ತು. ಸೊಂಟ ಮುಟ್ಟುತ್ತಿದ್ದ ಜಡೆ ಇರಲಿಲ್ಲ. ಕೂದಲು ಕಿವಿಯವರೆಗೆ ಮೊಂಡಾಗಿತ್ತು. ದುಗ್ಗಣ್ಣ ತಲೆ ತಗ್ಗಿಸಿದ.

"ನೀವು ಕತ್ತರಿ ಹಿಡಿದಾಗ ಅಳುತ್ತಿದ್ದದ್ದು ನನಗೆ ಕೇಳಿಸ್ತಿತ್ತು," ಎಂದಳು ಹೊನ್ನಾಜಿ. "ಬಿಸಿಲು ಕೊಟ್ಟಿರಿ, ಕಾಲೂರೋಕೆ ಮಣ್ಣು ಕೊಟ್ಟಿರಿ. ಕತ್ತರಿಸೋ ಧೈರ್ಯ ಮಾಡದಿದ್ದರೆ ನಾನು ಎಲೆಯಾಗೇ ಮುಗಿದುಹೋಗ್ತಿದ್ದೆ. ಈ ಋಣ ನಾನು ಹೇಗೆ ತೀರಿಸಲಿ?"

ದುಗ್ಗಣ್ಣ ಅವಳ ಕೈ ಹಿಡಿದು, ತನಗೆ ಹೇಳಿಕೊಟ್ಟವರ ಬಳಿಗೆ ಕರೆದೊಯ್ದ. ಇಬ್ಬರೂ ಕೂಡಿ ಓತಿಕ್ಯಾತನಿಗೆ, ಎರೆಹುಳುವಿಗೆ, ಮೇಕೆಗೆ ಒಬ್ಬೊಬ್ಬರ ಮುಂದೆಯೂ ನಿಂತು ಕೈಮುಗಿದರು. ಮರುದಿನ ಯುಗಾದಿ. ಊರಿನ ಹಿತ್ತಲುಗಳಲ್ಲೆಲ್ಲ ಜನ ಹೂಗಿಡ ನೆಟ್ಟರು, ರಾಜನೂ ಪಂಚೆ ಎತ್ತಿಕಟ್ಟಿ ನೆಟ್ಟ. ಕುಂಕುಮಾವತಿಯವರು ಅಂದಿನಿಂದ ಸುಖವಾಗಿ ಬಾಳಿದರು.

ಹೊನ್ನಾಜಿಗೆ ಹೂ ಮುಡಿಯಲು ಆ ವರ್ಷ ಜಡೆಯಿರಲಿಲ್ಲ. ದುಗ್ಗಣ್ಣ ಆ ಮೊದಲ ಮಲ್ಲಿಗೆಯನ್ನು ಅವಳ ಕಿವಿಯ ಮೇಲೆ ಸಿಕ್ಕಿಸಿದ.