ಕಪ್ಪು ನೆತ್ತಿಯ ಬಿಳಿ ಚುಕ್ಕೆ

"ನನ್ನ ಮೊಟ್ಟೆಗಳೆಲ್ಲಿ?"

ಜಲಜಾಕ್ಷಿಯ ಧ್ವನಿಗೆ ಆ ಯುವಕ ಬೆಚ್ಚಿಬಿದ್ದ. ಕೈಯಲ್ಲಿ ಆಗಷ್ಟೇ ತೊಳೆದ ಗಾಜಿನ ತಟ್ಟೆ!

"ಆ ಕಪ್ಪು ಮೊಟ್ಟೆಗಳಾ? ಎಲ್ಲದರ ಮೇಲೂ ಬಿಳಿ ಚುಕ್ಕೆ ಉಂಟಲ್ಲ... ಬೂಷ್ಟು ಹಿಡಿದಿದೆ ಅಂತ ಚೆಲ್ಲಿದೆ. ನಾನು ಸುಧಾಕರ, ಸಸ್ಯಶಾಸ್ತ್ರದ ಹೊಸ ಡೆಮಾನ್‌ಸ್ಟ್ರೇಟರ್."

"ಬೂಷ್ಟಲ್ಲ ಮಾರಾಯ್ರೆ! ಆ ಚುಕ್ಕೆಗೇ ನಾನು ಕಾದು ಕೂತದ್ದು!"

ಅದು 1964ರ ಜೂನ್. ಮೂಡುಬಿದಿರೆಯ ಆ ಕಾಲೇಜಿನಲ್ಲಿ ಗಿಡಕ್ಕೂ ಪ್ರಾಣಿಗೂ ಒಂದೇ ಪ್ರಯೋಗಾಲಯ. ಕಪ್ಪೆಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಅರೆದು ಉಪ್ಪುನೀರಿಗೆ ಬೆರೆಸಿದರೆ, ಹೊಟ್ಟೆಯೊಳಗೆ ಬಲಿಯಬೇಕಾದ ಮೊಟ್ಟೆ ತಟ್ಟೆಯಲ್ಲೇ ಬಲಿಯುತ್ತದೆಯೇ? ಇದು ಪ್ರಾಣಿಶಾಸ್ತ್ರದ ಜಲಜಾಕ್ಷಿಯ ಪ್ರಯೋಗ. ಬಲಿತ ಮೊಟ್ಟೆಯ ಕಪ್ಪು ನೆತ್ತಿಯ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ.

ಸೋಮವಾರ ಪ್ರೊಫೆಸರರಿಗೆ ಅದನ್ನು ತೋರಿಸದಿದ್ದರೆ ಪ್ರಯೋಗ ಅಲ್ಲಿಗೇ ಮುಗಿಯಿತು. ಅವಳು ಪುಂಜಾಲಕಟ್ಟೆಯ ಶಾಲೆಗೆ ಟೀಚರಾಗಿ ಹೋಗಬೇಕು. ಇವತ್ತೇ ಶನಿವಾರ!

"ಇನ್ನು ನೀವು ಈ ಕಡೆ ಬರಲೇಬೇಡಿ," ಎಂದಳು.

ಅವನು ಹೊರಟೇಹೋದ. 'ಒಂದು ತಪ್ಪಾಯ್ತು ಅನ್ನುವ ಮಾತಿಲ್ಲ! ಎಂಥಾ ಮನುಷ್ಯ...' ಅವಳಿಗೆ ಅಳು ಬಂತು. ಅತ್ತಳು.

ಭಾನುವಾರ ಬೆಳಿಗ್ಗೆ ಸಾಮಾನು ಕಟ್ಟಲು ಪ್ರಯೋಗಾಲಯಕ್ಕೆ ಬಂದರೆ, ಬಾಗಿಲಲ್ಲಿ ಸುಧಾಕರ! ಮೊಣಕಾಲಿನವರೆಗೆ ಕೆಸರು. ಕೈಯಲ್ಲಿದ್ದ ಗೋಣಿಚೀಲ ತಾನೇ ಕುಪ್ಪಳಿಸುತ್ತಿತ್ತು.

"ನಿನ್ನೆ ಸೀದಾ ಬೆಳ್ತಂಗಡಿ ಬಸ್ಸು ಹತ್ತಿದೆ. ನಮ್ಮ ಗದ್ದೆಯಲ್ಲಿ ಕಪ್ಪೆ ಬೇಕಾದಷ್ಟು ಉಂಟು. ಗಂಡು ಯಾವುದು, ಹೆಣ್ಣು ಯಾವುದು ಗೊತ್ತಾಗ್ಲಿಲ್ಲ. ಎಲ್ಲವನ್ನೂ ಹಿಡಿದು ತಂದೆ."

ಜಲಜಾಕ್ಷಿಗೆ ನಗು ತಡೆಯಲಾಗಲಿಲ್ಲ. 'ಛೆ, ಇವರನ್ನು ಎಷ್ಟು ಬೈದುಬಿಟ್ಟೆ!'

ಇಡೀ ದಿನ ಇಬ್ಬರೂ ಕೂತು ಕೆಲಸ ಮಾಡಿದರು. ಒಂದು ತಟ್ಟೆಗೆ ಗ್ರಂಥಿಯ ರಸ ಬೆರೆಸಿದ ಉಪ್ಪುನೀರು, ಇನ್ನೊಂದಕ್ಕೆ ಬರೀ ಉಪ್ಪುನೀರು, ಎರಡರಲ್ಲೂ ಹೆಣ್ಣು ಕಪ್ಪೆಗಳಿಂದ ತೆಗೆದ ಮೊಟ್ಟೆ. ಅವಳು ಹೇಳಿದ್ದನ್ನಷ್ಟೇ ಅವನು ಮಾಡಿದ, ಯಾವುದನ್ನೂ ತೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಬರೀ ಉಪ್ಪುನೀರಿನ ಮೊಟ್ಟೆಗಳು ಇದ್ದ ಹಾಗೇ ಇದ್ದವು. ರಸ ಬೆರೆಸಿದ ತಟ್ಟೆಯಲ್ಲಿ... ಬಿಳಿ ಚುಕ್ಕೆಗಳು! ಪ್ರೊಫೆಸರರು ಭೂತಗನ್ನಡಿಯಿಂದ ತಲೆಯೆತ್ತಿ, "ಮುಂದುವರಿಸಮ್ಮ," ಎಂದು ಹೊರಟರು.

ಸುಧಾಕರನೂ ಮೆಲ್ಲಗೆ ಬಾಗಿಲತ್ತ ಹೆಜ್ಜೆಯಿಟ್ಟ.

"ಎಲ್ಲಿಗೆ?"

"ಈ ಕಡೆ ಬರಬೇಡಿ ಅಂದಿದ್ದಿರಲ್ಲ... ಆದರೆ ಒಂದು ಮಾತು ಹೇಳಿಯೇ ಹೋಗ್ತೇನೆ. ನನಗೆ ನೀವು ಇಷ್ಟ ಜಲಜಾಕ್ಷಿ. ತುಂಬಾ ಇಷ್ಟ."

ಅವಳ ಕಣ್ಣು ತುಂಬಿತು.

"ನನಗೂ. ದಿನಾ ಬನ್ನಿ," ಎಂದಳು. "ತಟ್ಟೆ ಮಾತ್ರ ನಾನೇ ತೊಳೀತೇನೆ."