ಆರನೆಯ ನೋಟಿನ ಜಾಗದಲ್ಲಿ ಸಕ್ಕರೆ

ಮಂಗಳವಾರ ಬೆಳಿಗ್ಗೆ ಗಾಂಧಿ ಗಂಜದ ಬೇಳೆ ವ್ಯಾಪಾರಿ ಶಿವರಾಜಪ್ಪ ಆಲ್ಬಮ್ಮೊಂದನ್ನು ಎದೆಗವಚಿಕೊಂಡು ಬೀದರಿನ ಠಾಣೆಗೆ ಬಂದರು. ಒಂದು ನೋಟು ಕಳುವಾಗಿದೆ ಎಂದರು. ಎಷ್ಟರ ನೋಟು ಎಂದು ಪಿಎಸ್‌ಐ ಕೈಲಾಶ ಕೇಳಿದರೆ, ಐವತ್ತು ಫೆನಿಗ್ ಅಂತೆ! ಠಾಣೆಯಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲ.

ಶಿವರಾಜಪ್ಪ ಸಮಾಧಾನದಿಂದ ಬಿಡಿಸಿ ಹೇಳಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಫೆನಿಗ್ ಎಂಬ ಚಿಲ್ಲರೆ ನಾಣ್ಯಕ್ಕೆ ಬರ ಬಂತು. ಊರೂರುಗಳೇ ಕಾಗದದ ನೋಟು ಅಚ್ಚು ಹಾಕಿದವು. ಆಮೇಲೆ ಚಿತ್ರಗಳ ಚಂದಕ್ಕೇ ಜನ ಕೂಡಿಡತೊಡಗಿದರು. ಕಳುವಾದದ್ದು ಆರು ನೋಟುಗಳ ಕತೆಯೊಂದರ ಕೊನೆಯದು. ಮೊದಲನೆಯದರಲ್ಲಿ ನೇಕಾರನೊಬ್ಬ ಮನೆ ಬಿಡುತ್ತಾನೆ, ಆರನೆಯದರಲ್ಲಿ ಮನೆ ಮುಟ್ಟುತ್ತಾನೆ. ಅದಿಲ್ಲದೆ ಉಳಿದ ಐದಕ್ಕೆ ಅರ್ಥವೇ ಇಲ್ಲ ಎಂದರು.

ಕೈಲಾಶ ಎಫ್‌ಐಆರ್‌ನಲ್ಲಿ ‘ಹಣ’ ಎಂದು ಬರೆಸಿ ಅಳಿಸಿದರು, ‘ಚಿತ್ರ’ ಎಂದು ಬರೆಸಿ ಅಳಿಸಿದರು, ಕೊನೆಗೆ ‘ಹಳೆಯ ಕಾಗದ’ ಎಂದು ಬರೆಸಿ ಕೈತೊಳೆದುಕೊಂಡರು. ಶಿವರಾಜಪ್ಪನವರ ಮನೆಯಲ್ಲಿ ಪಂಚನಾಮೆ ನಡೆಯಿತು. ತಿಜೋರಿಯ ಬಂಗಾರ ಹಾಗೇ ಇತ್ತು. ಆರನೆಯ ನೋಟಿನ ಪ್ಲಾಸ್ಟಿಕ್ ಜೇಬಿನಲ್ಲಿ ಮಾತ್ರ ಇರುವೆ ಮುತ್ತಿದ್ದವು. ಕಾನ್‌ಸ್ಟೇಬಲ್ ಕರುಣಾ ಕೊಡವಿದಾಗ ಒಂದು ಚಿಟಿಕೆ ಸಕ್ಕರೆ ಉದುರಿತು. ಕಳ್ಳ ಸಕ್ಕರೆ ಇಟ್ಟು ಹೋಗುವುದೆಂದರೇನು? ಅದನ್ನೂ ಪೊಟ್ಟಣ ಕಟ್ಟಿ ಸೀಲು ಹಾಕಿದರು.

ಮರುದಿನ ಪೊಲೀಸರು ಭಾಲ್ಕಿಗೆ ಹೋದರು. ಹೋದ ತಿಂಗಳು ಪ್ರದರ್ಶನಕ್ಕೆಂದು ಆಲ್ಬಮ್ ಒಯ್ದಿದ್ದ ಉಪನ್ಯಾಸಕಿ ಉಜ್ವಲಾ, ಆರೂ ನೋಟು ಎಣಿಸಿಯೇ ಶಿವರಾಜಪ್ಪನವರ ಕೈಗೆ ಕೊಟ್ಟೆನೆಂದರು. ಅವರೂ ಹೌದೆಂದರು. ಇದ್ದೊಂದು ಸುಳಿವೂ ಮುಗಿಯಿತು.

ಆ ಸಂಜೆ ಕೈಲಾಶರ ತಾಯಿ ಪಕ್ಕದ ಮನೆಯ ಡಬ್ಬಿ ತೊಳೆದು, ಹಿಂತಿರುಗಿಸುವ ಮೊದಲು ಅದಕ್ಕೊಂದು ಹಿಡಿ ಸಕ್ಕರೆ ಹಾಕುತ್ತಿದ್ದರು. ಖಾಲಿ ಕೊಡಬಾರದಲ್ಲ. ಕೈಲಾಶ ಚಹಾ ಅಲ್ಲೇ ಬಿಟ್ಟು ಗಾಂಧಿ ಗಂಜಕ್ಕೆ ಓಡಿದರು.

“ಸಾವ್ಕಾರ್ರ, ಭಾಲ್ಕಿ ಆದಮ್ಯಾಲ ಆಲ್ಬಮ್ ಯಾರ ಮನಿಗಿ ಹೋಗಿತ್ತು?”

ಶಿವರಾಜಪ್ಪ ತಲೆ ತಗ್ಗಿಸಿದರು. “ಡಾಬಕಾ ಹಳ್ಳಿಗಿ ಕಳಿಸಿದ್ದೆ. ಪಂಢರಿ ಮನಿಗಿ. ಅವ ಸತ್ತಾನ್ರಿ, ಸತ್ತವನ ಮನಿ ಹೆಸರು ಹ್ಯಾಂಗ ಹೇಳಲಿ?”

ಪಂಢರಿಯೂ ಇದೇ ಹುಚ್ಚಿನವರು. ಅವರಲ್ಲಿ ಐದು ನೋಟು ಇದ್ದವು. ಆರನೆಯದನ್ನು ಕೊಡು ಎಂದು ವರ್ಷಗಟ್ಟಲೆ ಅಂಗಲಾಚಿದರೂ ಶಿವರಾಜಪ್ಪ ತೋರಿಸಿರಲಿಲ್ಲ ಕೂಡ. ಹಾಸಿಗೆ ಹಿಡಿದರೆಂದು ಕೇಳಿದ ಮೇಲಷ್ಟೇ ಆಲ್ಬಮ್ ಕಳಿಸಿದ್ದರು. ಅದು ಬಸ್ಸಿನ ಕಂಡಕ್ಟರನ ಕೈಯಲ್ಲಿ ವಾಪಸು ಬಂದಿತ್ತು. ಪಂಢರಿಯ ಮಣ್ಣಿಗೆ ಹೋಗಿ ಬಂದ ದುಃಖದಲ್ಲಿ ಶಿವರಾಜಪ್ಪ ಅದನ್ನು ವಾರಗಟ್ಟಲೆ ತೆರೆದಿರಲಿಲ್ಲ.

ಗುರುವಾರ ಔರಾದ ದಾಟಿ ಜೀಪು ಡಾಬಕಾ ಸೇರಿತು. ಪಂಢರಿಯ ಹೆಂಡತಿ ಕೌಸಲ್ಯಾಬಾಯಿ ಏನನ್ನೂ ಮುಚ್ಚಿಡಲಿಲ್ಲ.

“ನೋಟು ಎಲ್ಲೈತವ್ವಾ?” ಕೈಲಾಶ ಕೇಳಿದರು.

“ಅವರ ಕೈಯಾಗ ಮಣ್ಣಿಗಿ ಹೋತ್ರಿ. ಮುಷ್ಟಿ ಮಾಡಿ ಹಿಡಕೊಂಡಿದ್ರು. ಬಿಚ್ಚಿದ್ರ ಬರ್ತಿತ್ತು. ನಾ ಬಿಚ್ಚಲಿಲ್ಲ. ಮಂದಿ ಸಾಮಾನು ಖಾಲಿ ಹ್ಯಾಂಗ ಕಳಿಸಲಿ ಅಂತ ಸಕ್ಕರಿ ಇಟ್ಟೆ.”

ಕರುಣಾ ಮುಖ ಆಚೆ ತಿರುಗಿಸಿದಳು. ಕಾನೂನು ಕಾನೂನೇ, ಬಂಧನ ತೋರಿಸಿ ಬೀದರಿಗೆ ಕರೆತಂದರು. ಠಾಣೆಯಲ್ಲಿ ಕಾದಿದ್ದ ಶಿವರಾಜಪ್ಪ ಎಲ್ಲ ಕೇಳಿದರು. ಸಿಟ್ಟಾಗುತ್ತಾರೆಂದು ಕೈಲಾಶ ನಡುವೆ ನಿಂತರು. ಅವರು ಕೇಳಿದ್ದು ಒಂದೇ ಮಾತು.

“ಅವ ಅದನ್ನ ನೋಡಿದನೇನ್ರಿ ಬಾಯಿ?”

“ಹೂಂ ರೀ, ನೋಡಿದ್ರು. ‘ಮನಿ ಮುಟ್ಯಾನ ನೋಡು’ ಅಂದ್ರು. ಆಮ್ಯಾಲ ಮಾತಾಡಲಿಲ್ಲ.”

ಆ ಸಂಜೆ ಆರೋಪಿಗೆ ಜಾಮೀನು ಸಿಕ್ಕಿತು. ಜಾಮೀನುದಾರರ ಸಹಿ ಫಿರ್ಯಾದಿಯದೇ.